ಏರಿ ತಿರುವಿನಲ್ಲಿ ಮಂಜನ ವೇಗ

ಹುಣಸೂರು ದಾಟಿ ಬಸ್ಸು ವೀರನಹೊಸಹಳ್ಳಿ ರಸ್ತೆಗೆ ತಿರುಗಿದ ಕೂಡಲೇ ಹೊಗೆಸೊಪ್ಪು ಹದವಾಗುವ ವಾಸನೆ ಕಿಟಕಿಯಿಂದ ಒಳಗೆ ಬಂತು. ಬೆಲ್ಲದ ಪಾಕ ತಳ ಹಿಡಿಯುವ ಹೊತ್ತಿಗೆ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದು. ಜೊತೆಗೆ ಗಂಟಲಲ್ಲಿ ಒಂದು ಖಾರ. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಎದ್ದು ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತೆ. ಇಳಿಯುವ ಊರು ಇನ್ನೂ ದೂರವಿತ್ತು.

"ಕೂತ್ಕಳಕ್ಕ, ಇನ್ನೂ ಟೈಮದೆ," ಎಂದ ಕಂಡಕ್ಟರ್.

ಕೂರಲಿಲ್ಲ. ನಾಲ್ಕು ವರ್ಷದಿಂದ ಈ ವಾಸನೆ ಬಂದಾಗೆಲ್ಲ ನನಗೆ ಹೀಗೇ. ಕೂತಲ್ಲಿ ಕೂರಲಾಗುವುದಿಲ್ಲ. ಮದುವೆಯಾಗಿ ಹೋದ ಭೇರ್ಯದಲ್ಲಿ ಗದ್ದೆ, ನಾಲೆ ನೀರು. ಅಲ್ಲಿ ಈ ವಾಸನೆ ಇಲ್ಲ. ಅದಕ್ಕೇ ಈ ತಿಂಗಳುಗಳಲ್ಲಿ ತವರಿಗೆ ಬರುವುದನ್ನು ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಅವ್ವನ ಬಲಗೈ ಊದಿಕೊಂಡು ಸೊಪ್ಪು ಕಟ್ಟಲು ಆಗುತ್ತಿಲ್ಲ ಎಂದು ಫೋನ್ ಬಂತು. ನೆಪ ಯಾವುದೂ ಉಳಿದಿರಲಿಲ್ಲ.

ನಾನು ಹೇಳಬೇಕಾಗಿರುವುದು ಆ ನಾಲ್ಕು ವರ್ಷದ ಹಿಂದಿನ ಮಳೆಗಾಲದ ಮಾತು. ಆಗ ನನಗೆ ಇಪ್ಪತ್ತಮೂರು, ತಮ್ಮ ಮಂಜನಿಗೆ ಇಪ್ಪತ್ತೊಂದು.

ಎಂಟನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟಿದ್ದೆ. ಅಲ್ಲಿಂದಾಚೆ ಮಳೆಗಾಲ ಎಂದರೆ ಬ್ಯಾರನ್ನು. ಹೊಗೆಸೊಪ್ಪು ಒಣಗಿಸುವ ಎತ್ತರದ ಗೂಡಿಗೆ ನಮ್ಮ ಕಡೆ ಬ್ಯಾರನ್ನು ಅನ್ನುತ್ತೇವೆ. ಬೆಳಿಗ್ಗೆ ಹೊಲದಿಂದ ಬಂದ ಹಸಿ ಸೊಪ್ಪನ್ನು ಎರಡು ಮೂರು ಎಲೆಯಂತೆ ಜೋಡಿಸಿ, ದಾರ ಸುತ್ತಿ, ಉದ್ದದ ಕಡ್ಡಿಗೆ ಕಟ್ಟಬೇಕು. ಕಟ್ಟಿದ ಕಡ್ಡಿಗಳನ್ನು ಒಳಗೆ ಅಟ್ಟದ ಮೇಲೆ ಅಟ್ಟವಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಇಡಬೇಕು. ಆಮೇಲೆ ಆರು ದಿನ ಕಾಯಬೇಕು. ಎಲೆ ಮೊದಲು ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ದಂಟು ಮುರಿದರೆ ಪಟಕ್ಕೆನ್ನಬೇಕು. ಯಾವುದಕ್ಕೂ ಅವಸರವಿಲ್ಲ. ಬಿಸಿ ಒಂದೇ ಸಲ ಏರಿಸಿದರೆ ಎಲೆ ಕರ್ರಗಾಗಿ ಕೂರುತ್ತದೆ, ಆ ವಾರದ ದುಡಿಮೆ ಮಣ್ಣು.

ಬ್ಯಾರನ್ನಿನ ಗೋಡೆಯಲ್ಲಿ ಅಂಗೈಯಗಲದ ಒಂದು ಗಾಜಿದೆ. ಅದರೊಳಗಿಂದ ನೋಡಿದರೆ ನೇತುಹಾಕಿದ ಉಷ್ಣಮಾಪಕ ಕಾಣುತ್ತದೆ. ಮಂಜ ಚಿಕ್ಕವನಿದ್ದಾಗ ಒಮ್ಮೆ ಬಾಗಿಲಿಗೆ ಅಂಗೈ ಇಟ್ಟು, "ಅಪ್ಪ, ಸಕತ್ ಕಾದದೆ, ಸೌದೆ ಸಾಕು," ಅಂದಿದ್ದ. ಅಪ್ಪ ಅವನನ್ನು ಎತ್ತಿ ಆ ಗಾಜಿನ ಮುಂದೆ ಹಿಡಿದಿದ್ದರು. "ಕೈ ಸುಳ್ಳು ಹೇಳ್ತದೆ ಕಣ್ಲಾ. ಗಾಜಲ್ಲಿ ಕಂಡದ್ದು ಮಾತ್ರ ನಿಜ. ತಿಳ್ಕ." ನಮ್ಮಿಬ್ಬರಿಗೂ ಅದು ಮೈಗೆ ಹತ್ತಿಹೋಯಿತು. ಮೈಗೆ ಅನ್ನಿಸಿದ್ದನ್ನು ನಂಬಬಾರದು, ಗಾಜಿನಲ್ಲಿ ಕಂಡದ್ದನ್ನು ನಂಬಬೇಕು. ಅಪ್ಪ ಹೇಳಿದ್ದು ಒಂದು ಗಾಜಿನ ಬಗ್ಗೆ. ನಾವು ಅದನ್ನು ಇನ್ನೊಂದು ಗಾಜಿಗೂ ಹಚ್ಚಿಕೊಂಡೆವು.

ನನ್ನ ಕೈಗೆ ಫೋನು ಬಂದದ್ದು ಆ ಮಳೆಗಾಲದ ಹಿಂದಿನ ವರ್ಷ. ಎಲ್ಲವೂ ನಿಧಾನವಾಗಿ ನಡೆಯುವ ಜಾಗದಲ್ಲಿ ಬೆಳೆದವಳಿಗೆ ಆ ಪರದೆಯೊಳಗೆ ಓಡುವುದೆಲ್ಲ ಹುಚ್ಚು ಹಿಡಿಸಿತು. ಕಾರುಗಳು ಸೇತುವೆಯಿಂದ ಸೇತುವೆಗೆ ಹಾರುವ ಸಿನಿಮಾ ತುಣುಕುಗಳು, ಬೈಕನ್ನು ನೆಲಕ್ಕೆ ಒರಗಿಸಿಯೇ ತಿರುವು ದಾಟುವ ರೇಸು. ತಿರುವು ಬಂದಾಗ ಕೂತಲ್ಲೇ ನನ್ನ ಕಾಲ್ಬೆರಳು ಮಡಚಿಕೊಳ್ಳುತ್ತಿದ್ದವು. ಉಸಿರು ಹಿಡಿದು ನೋಡಿ, ಗಾಡಿ ದಾಟಿದ ಮೇಲೆ ಬಿಡುತ್ತಿದ್ದೆ. ಆಮೇಲೆ ತಲೆ ಎತ್ತಿದರೆ ಮತ್ತೆ ಅದೇ ಸೊಪ್ಪಿನ ರಾಶಿ, ಅದೇ ಜಿಟಿಜಿಟಿ ಮಳೆ. ಕಾಡಿನ ಗೇಟಿಗೆ ಸಫಾರಿ ಹೊತ್ತಿಗೆ ಮುಟ್ಟಬೇಕೆಂದು ಹೋಗುವ ಪೇಟೆಯವರ ಕಾರುಗಳು ರಸ್ತೆಯಲ್ಲಿ ಝುಮ್ಮೆಂದು ಹಾದರೆ, ಕಟ್ಟುತ್ತಿದ್ದ ಕಡ್ಡಿ ಬಿಟ್ಟು ಕತ್ತೆತ್ತುತ್ತಿದ್ದೆ.

"ಸರೋಜಿ ಕತ್ತು ಒಂದಿನ ಆ ಕಾರಿನ ಹಿಂದೇನೇ ಹೊಂಟೋಯ್ತದೆ ನೋಡಿ," ಎಂದು ಪಕ್ಕದಲ್ಲಿ ಸೊಪ್ಪು ಕಟ್ಟುತ್ತಿದ್ದ ನಿಂಗಮ್ಮತ್ತೆ ಹಾಸ್ಯ ಮಾಡುತ್ತಿದ್ದಳು.

ನಾನೂ ವಿಡಿಯೋ ಹಾಕತೊಡಗಿದೆ. ಸೊಪ್ಪು ಕಟ್ಟುವುದು, ಮಳೆ, ಅವ್ವನ ಕೋಳಿ. ನೋಡುವವರೇ ಇಲ್ಲ. ಆಮೇಲೆ ಮಂಜನ ಬೈಕಿನ ವಿಡಿಯೋಗೆ ಕೈ ಹಾಕಿದೆ. ಅದು ಎಷ್ಟನೇ ಕೈ ದಾಟಿ ಬಂದಿತ್ತೋ. ಮೀಟರಿನ ಮುಳ್ಳು ಇಪ್ಪತ್ತರ ಮೇಲೆ ಸತ್ತು ಕೂತಿತ್ತು. ನಿಂತಿದ್ದರೂ ಇಪ್ಪತ್ತು, ಓಡಿದರೂ ಇಪ್ಪತ್ತು. ಎಷ್ಟು ಜೋರಾಗಿ ಹೋಗುತ್ತಿದ್ದೇನೆ ಅನ್ನುವುದು ಮಂಜನಿಗೆ ಒಂದು ದಿನವೂ ಗೊತ್ತಿರಲಿಲ್ಲ.

ಊರಿನ ಕೆರೆ ಏರಿಯ ಮೇಲೆ ಒಂದು ತಿರುವಿದೆ. ಒಂದು ಕಡೆ ನೀರು, ಇನ್ನೊಂದು ಕಡೆ ಸಾಲಾಗಿ ನೆಟ್ಟ ಕಾವಲುಗಲ್ಲು. ಪುಷ್ಯ ಮಳೆ ಒಂದು ಗಳಿಗೆ ಹೊಳವು ಕೊಟ್ಟ ಮಧ್ಯಾಹ್ನ ಮಂಜನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ತಿರುವು ದಾಟಿ ಬರುವುದನ್ನು ಫೋನಿನಲ್ಲಿ ಹಿಡಿದೆ. ಮನೆಗೆ ಬಂದು ನೋಡಿದರೆ ಸಪ್ಪೆ. ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುವವನ ಹಾಗೆ ಕಾಣುತ್ತಿದ್ದ. ನನ್ನ ಬೆರಳಿಗೆ ಹೊಗೆಸೊಪ್ಪಿನ ಅಂಟು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗದು. ಆ ಅಂಟು ಬೆರಳಲ್ಲೇ ಪರದೆ ಒತ್ತಿ ಒತ್ತಿ ವೇಗ ಹೆಚ್ಚಿಸುವ ಗುಂಡಿ ಕಂಡುಹಿಡಿದೆ. ಎರಡು ಪಟ್ಟು ಮಾಡಿದೆ. ನಿಜವಾದ ಸದ್ದು ತೆಗೆದು ಢಂಢಂ ಅನ್ನುವ ಸಂಗೀತ ಹಾಕಿದೆ. ಈಗ ನೋಡಿದರೆ ನನ್ನ ಕಾಲ್ಬೆರಳೇ ಮಡಚಿಕೊಂಡವು. ಮಂಜ ಬಾಣದ ಹಾಗೆ ಬಂದು, ಕಾವಲುಗಲ್ಲಿಗೆ ಇನ್ನೇನು ಬಡಿದ ಎನ್ನಿಸುವಷ್ಟರಲ್ಲಿ ತಿರುಗಿ ಮಾಯವಾಗುತ್ತಿದ್ದ.

ಎರಡೇ ದಿನದಲ್ಲಿ ಅದು ಎಲ್ಲೆಲ್ಲೋ ಹೋಯಿತು. ಪಿರಿಯಾಪಟ್ಟಣದಿಂದ, ಎಚ್.ಡಿ. ಕೋಟೆಯಿಂದ ಗೊತ್ತಿಲ್ಲದವರೆಲ್ಲ ಬರೆದರು. "ಎಂಬತ್ತಕ್ಕೆ ಕಮ್ಮಿ ಇಲ್ಲ ಗುರು" ಎಂದು ಒಬ್ಬ ಬರೆದ. ಆಮೇಲೆ ಎಲ್ಲರ ಬಾಯಲ್ಲೂ ಎಂಬತ್ತು. ಊರಿನಲ್ಲಿ ಅವನ ಹೆಸರೇ ಸ್ಪೀಡ್ ಮಂಜ ಎಂದಾಯಿತು.

ಮಂಜ ಫೋನು ಹಿಡಿದುಕೊಂಡು ಬ್ಯಾರನ್ನಿನ ಹತ್ತಿರ ಬಂದ. ಮುಖದಲ್ಲಿ ನಂಬಿಕೆಯೂ ಅಲ್ಲದ, ಅನುಮಾನವೂ ಅಲ್ಲದ ಒಂದು ನಗು.

"ಅಕ್ಕೋ, ಇಷ್ಟು ಜೋರಾಗಿ ಹೋಯ್ತೀನಾ ನಾನು? ಓಡುಸ್ವಾಗ ಅಂಗೇನೂ ಅನ್ಸಲ್ಲ ಕಣಕ್ಕ."

ಅವನ ಮೈ ಅವನಿಗೆ ಸರಿಯಾಗಿಯೇ ಹೇಳಿತ್ತು. ನಾನು ಕಡ್ಡಿಗೆ ದಾರ ಸುತ್ತುತ್ತಲೇ, ಮುಖ ನೋಡದೆ, "ಹೂಂ," ಎಂದೆ.

ಅಷ್ಟೇ. ಒಂದು ಅಕ್ಷರ. ಅವನು ಇನ್ನೊಂದು ಸಲ ವಿಡಿಯೋ ನೋಡಿದ. ಇನ್ನೊಂದು ಸಲ. ನಡೆದು ಹೋಗುವಾಗ ಅವನ ಭುಜ ಬೇರೆ ಥರ ಇತ್ತು.

ಇದಾಗಿ ಎರಡು ವಾರಕ್ಕೆ ಅವನ ಸ್ನೇಹಿತ ಲೋಕಿ ಹೊಸ ಬೈಕು ತಂದ. ಅದರ ಮೀಟರಿನಲ್ಲಿ ಅಂಕಿಗಳೇ ಹೊಳೆಯುತ್ತಿದ್ದವು. ಭಾನುವಾರ ಮಧ್ಯಾಹ್ನ ನಾವು ಮೂವರೂ ಏರಿಗೆ ಹೋದೆವು. ಆಶ್ಲೇಷ ಮಳೆ ಸಣ್ಣಗೆ ಹನಿಯುತ್ತಿತ್ತು. ಎಂಬತ್ತು ಅಂಕಿ ಕಾಣುವ ಹಾಗೆ ಒಂದು, ತಿರುವಿನಲ್ಲಿ ಬರುವುದು ಒಂದು, ಎರಡು ವಿಡಿಯೋ ಆಗಬೇಕು ಎಂದು ಉಪಾಯ ಹೇಳಿದವಳೂ ನಾನೇ.

ಮೊದಲ ಸಲ ಮಂಜ ತಿರುವು ದಾಟಿ ಬಂದು ನಿಲ್ಲಿಸಿದ. ಹಿಂದೆ ಕೂತಿದ್ದ ಲೋಕಿ ಇಳಿದು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಲ್ವತ್ತೈದು ಕಣ್ಲಾ! ನಮ್ಮಜ್ಜಿ ಆಡು ಹೊಡ್ಕಂಡು ಹೋಗೋ ಸ್ಪೀಡು. ಇದೇನ್ಲಾ ನಿನ್ನ ಎಂಬತ್ತು?"

ಮಂಜನ ಮುಖ ಸಣ್ಣಗಾಯಿತು. "ಇಲ್ಲ ಕಣ್ಲಾ, ಅವತ್ತು ಹೋದಂಗೇ ಹೋದೆ. ಅಕ್ಕ, ಆ ವಿಡಿಯೋ ತೋರ್ಸು ಇವನಿಗೆ."

ತೋರಿಸಿದೆ. ಮೂರು ತಲೆ ಒಂದು ಪರದೆಗೆ ಬಾಗಿದವು. ಮಂಜ ಬಾಣದ ಹಾಗೆ ಬಂದು ಮಾಯವಾದ.

"ನೋಡ್ದಾ?" ಎಂದ ಮಂಜ. "ಆ ಡಕೋಟ ಗಾಡೀಲೇ ಅಂಗೆ ತಿರುಗ್ಸಿವ್ನಿ. ಇದ್ರಲ್ಲಿ ಆಗಕಿಲ್ವಾ? ಹೊಸ ಗಾಡಿ ಅಂತ ಕೈ ಹೆದುರ್ಕತು ಅಷ್ಟೆ. ನೀನು ಇಲ್ಲೇ ಇರು, ಒಬ್ನೇ ಹೋಯ್ತೀನಿ."

ಅವನು ಬೈಕನ್ನು ಹಿಂದಕ್ಕೆ ತಿರುಗಿಸಿದ. ಮೀಟರಿನ ಮೇಲೆ ಬಿದ್ದಿದ್ದ ಹನಿಗಳನ್ನು ಅಂಗಿಯ ಚುಂಗಿನಿಂದ ಒರೆಸಿದ. ಒಮ್ಮೆ ನನ್ನ ಕಡೆ ನೋಡಿದ. ಅಷ್ಟು ಹೊತ್ತಿತ್ತು ನನಗೆ. ಹೇಳುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು: ಮಂಜ, ಅದು ನಾನು ಮಾಡಿದ ಸ್ಪೀಡು, ನಿಂದು ನಲವತ್ತೈದೇ. ಹೇಳಿದರೆ ಲೋಕಿ ನಗುತ್ತಾನೆ. ನಾಳೆಗೆ ಊರೆಲ್ಲ ನಗುತ್ತದೆ. ನನ್ನ ವಿಡಿಯೋ ಸುಳ್ಳು ಎಂದು ಗೊತ್ತಾದರೆ ನೋಡುತ್ತಿದ್ದವರೆಲ್ಲ ಉಗಿದು ಹೋಗುತ್ತಾರೆ. ಎಂಟನೇ ಕ್ಲಾಸು ಓದಿದ, ಸೊಪ್ಪಿನ ಅಂಟಿನ ಹುಡುಗಿಯನ್ನು ಜನ ಮೊದಲ ಸಲ ನೋಡುತ್ತಿದ್ದರು. ಅದನ್ನು ಬಿಡಲು ಮನಸ್ಸಾಗಲಿಲ್ಲ. ಫೋನು ಎತ್ತಿ ಹಿಡಿದೆ. "ರೆಡಿ," ಎಂದೆ.

ಬರುವಾಗಿನ ಸದ್ದಿನಲ್ಲೇ ಗೊತ್ತಾಯಿತು. ಪರದೆಯಲ್ಲಿ ನೋಡುತ್ತಿದ್ದೆ, ಎದುರಿಗೆ ನೋಡುತ್ತಿರಲಿಲ್ಲ. ಮಂಜ ಪರದೆಯೊಳಗೆ ದೊಡ್ಡವನಾದ, ಒರಗಿದ, ಆಮೇಲೆ ಪರದೆಯಲ್ಲಿ ಬರೀ ರಸ್ತೆ ಇತ್ತು. ಕಾವಲುಗಲ್ಲಿಗೂ ಬೈಕಿಗೂ ನಡುವೆ ಅವನ ಎಡಗಾಲು ಸಿಕ್ಕಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು. ಆ ವರ್ಷದ ಸೊಪ್ಪನ್ನು ನಿಂಗಮ್ಮತ್ತೆ ಮತ್ತು ಅವ್ವ ಕಟ್ಟಿದರು. ಅಪ್ಪ ಬ್ಯಾರನ್ನಿಗೂ ಆಸ್ಪತ್ರೆಗೂ ಬಸ್ಸಿನಲ್ಲಿ ಓಡಾಡಿ ಸವೆದರು. ಮಂಚದ ಪಕ್ಕ ನಿಂತು, "ಸಾಯಕೇ ಹೊಂಟಿದ್ದಾ? ಹಂಗೆ ಓಡುಸ್ಬೇಡ ಅಂತ ಎಷ್ಟು ಸತಿ ಹೇಳಿದ್ದೆ ನಿಂಗೆ?" ಎಂದು ಕೇಳಿದಾಗ ಮಂಜ, "ಯಾವಾಗ್ಲೂ ಹಂಗೇ ಓಡುಸ್ತಿದ್ದೆ ಕಣಪ್ಪ. ಅವತ್ತು ಮಳೇಲಿ ಜಾರ್ತು," ಎಂದ. ನನ್ನ ಕಡೆ ತಿರುಗಿ, "ಅಲ್ವಾ ಅಕ್ಕ?" ಎಂದ.

"ಹೂಂ. ಮಳೆ," ಎಂದೆ.

ವಿಡಿಯೋ ಹಾಕುತ್ತಿದ್ದ ಖಾತೆಯನ್ನು ಅಳಿಸಿದೆ. ಮುಂದಿನ ಬೇಸಿಗೆಯಲ್ಲಿ ಮದುವೆಯಾಗಿ ಭೇರ್ಯಕ್ಕೆ ಹೋದೆ. ಆದರೆ ವೇಗ ಹೆಚ್ಚಿಸುವ ಮೊದಲಿನ ಆ ಒಂದು ವಿಡಿಯೋ ಮಾತ್ರ ಅಳಿಸಲಿಲ್ಲ. ಫೋನು ಬದಲಾದಾಗ ಅದೂ ಹೊಸ ಫೋನಿಗೆ ಬಂತು. ಅಳಿಸುವ ಧೈರ್ಯವೂ ಇರಲಿಲ್ಲ, ತೆರೆದು ನೋಡುವ ಧೈರ್ಯವೂ ಇರಲಿಲ್ಲ.

ಈ ಸಲ ಬಸ್ಸಿಳಿದು ಮನೆಗೆ ಹೋದರೆ ಎಲ್ಲ ಹಾಗೇ ಇತ್ತು. ಅದೇ ಜಗಲಿ, ಅದೇ ಸೊಪ್ಪಿನ ರಾಶಿ. ಮಂಜ ಎಡಗಾಲನ್ನು ನೆಟ್ಟಗೆ ಚಾಚಿಕೊಂಡು ಕೂತು ಕಡ್ಡಿ ಎಣಿಸಿಡುತ್ತಿದ್ದ. ಮಂಡಿ ಪೂರ್ತಿ ಮಡಚುವುದಿಲ್ಲ, ಆದರೆ ಪೆಡಲು ಒತ್ತಲು ಪಾದಕ್ಕೆ ಬಲವಿದೆ. ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸರಿಗೆ ಅವನು ತನ್ನ ಫೋನು ತೋರಿಸುತ್ತಿದ್ದ. ಅದೇ ಢಂಢಂ ಸಂಗೀತ.

"ಅಯ್ಯೋ, ಏನ್ ಓಡುಸ್ತಿದ್ದೆ ಮಾರಾಯ! ಕಾಲು ಹೋಗ್ದೆ ಇನ್ನೇನಾದದು?" ಎಂದಳು ಒಬ್ಬಳು. ಮಂಜ ನಕ್ಕ. ಆ ನಗುವಿನಲ್ಲಿ ಹೆಮ್ಮೆ ಇತ್ತು. ಅವನಿಗೆ ಉಳಿದಿದ್ದ ಹೆಮ್ಮೆ ಅದೊಂದೇ.

ಮಾರನೆಯ ಬೆಳಿಗ್ಗೆ ಟ್ರ್ಯಾಕ್ಟರು ಹೊರಟಿತು, ಹೊಲದಿಂದ ಹಸಿ ಸೊಪ್ಪು ತರಲು. ಪಕ್ಕದೂರಿನಿಂದ ಬಂದ ಡ್ರೈವರಿಗೆ ಅಪ್ಪ ಉಡಿದಾರದಿಂದ ಕೀಲಿ ಬಿಚ್ಚಿ ಕೊಟ್ಟರು. ಟ್ರ್ಯಾಕ್ಟರಿನ ಕೀಲಿ ನಾಲ್ಕು ವರ್ಷದಿಂದ ಅಲ್ಲೇ, ಅವರ ಸೊಂಟದಲ್ಲೇ ಇದೆಯಂತೆ.

"ಅಪ್ಪ, ಇವತ್ತೊಂದಿನ ನಾನು ತತ್ತೀನಿ," ಎಂದ ಮಂಜ. "ಕಾಲು ಸರಿಯಾಗದೆ. ಡಾಕ್ಟ್ರೂ ಓಡುಸ್ಬೋದು ಅಂದವ್ರೆ."

"ಕಾಲಿಗಲ್ಲ ಕಣಪ್ಪ ನಾನು ಹೆದ್ರೋದು. ನಿನ್ನ ತಲೆಗೆ," ಎಂದರು ಅಪ್ಪ. "ಸ್ಪೀಡ್ ಮಂಜನ ಕೈಗೆ ಸ್ಟೇರಿಂಗ್ ಕೊಟ್ಟು, ನಾಕು ಹೆಣ್ಮಕ್ಳನ್ನ ಹಿಂದೆ ಕೂರುಸ್ಲಾ? ಸುಮ್ಕೆ ಹತ್ಕ."

ಮಂಜ ಸುಮ್ಮನೆ ಹಿಂದಿನ ತೊಟ್ಟಿಗೆ ಹತ್ತಿಕೊಂಡ. ಹತ್ತಲು ಇಬ್ಬರು ಹೆಂಗಸರು ಕೈ ಕೊಟ್ಟರು. ಬರುವಾಗ ಸೊಪ್ಪಿನ ಹೊರೆಗಳ ನಡುವೆ ಅವನೂ ಒಂದು ಹೊರೆಯ ಹಾಗೆ ಅಲುಗಾಡುತ್ತ ಬಂದ.

ಅವತ್ತು ನನಗೆ ಒಂದು ಕಡ್ಡಿಯನ್ನೂ ಸರಿಯಾಗಿ ಕಟ್ಟಲಾಗಲಿಲ್ಲ. ಕಟ್ಟಿದ್ದು ಬಿಚ್ಚಿ ಬಿಚ್ಚಿ ಬೀಳುತ್ತಿತ್ತು. ನೀರು ಕುಡಿಯಲು ಎದ್ದೆ, ಕೂತೆ, ಮತ್ತೆ ಎದ್ದೆ. "ಏನವ್ವ ನಿಂಗೆ, ಇರುವೆ ಹತ್ಕಂಡದಾ?" ಎಂದಳು ನಿಂಗಮ್ಮತ್ತೆ. ಊಟದ ಹೊತ್ತಿಗೆ ಎಲ್ಲರೂ ಮನೆ ಕಡೆ ಹೋದಾಗ ಮಂಜ ಒಬ್ಬನೇ ಬ್ಯಾರನ್ನಿನ ಒಲೆಯ ಮುಂದೆ ಇದ್ದ. ಹೋಗಿ ಪಕ್ಕದಲ್ಲಿ ಕೂತು ಒಂದೇ ಉಸಿರಿಗೆ ಹೇಳಿದೆ. ಗುಂಡಿ ಒತ್ತಿದ್ದು, ಎರಡು ಪಟ್ಟು ಮಾಡಿದ್ದು, ಏರಿಯ ಮೇಲೆ ಅವನು ಮೀಟರು ಒರೆಸುವಾಗ ನಾನು ಬಾಯಿ ಮುಚ್ಚಿಕೊಂಡಿದ್ದು.

ಅವನು ಬೈಯುತ್ತಾನೆ ಎಂದುಕೊಂಡೆ. ಹೊಡೆದರೂ ಸರಿ ಎಂದುಕೊಂಡೆ. ಒಲೆಗೆ ಒಂದು ಕೊರಡು ತಳ್ಳಿ, ಅದು ಹೊತ್ತಿಕೊಳ್ಳುವವರೆಗೂ ನೋಡಿ, "ನಿಜವಾದದ್ದು ಇನ್ನೂ ನಿನ್ ತಾವ ಅದಾ?" ಎಂದ.

ಫೋನು ಕೊಟ್ಟೆ. ನಾಲ್ಕು ವರ್ಷದ ಮೇಲೆ ನಾನೂ ಅದನ್ನು ನೋಡಿದೆ.

ಏರಿಯ ಆ ತುದಿಯಿಂದ ಮಂಜ ಬರುತ್ತಾನೆ. ಬರುತ್ತಲೇ ಇರುತ್ತಾನೆ. ರಸ್ತೆಗೆ ಒಂದು ಎಮ್ಮೆಗರು ಅಡ್ಡ ಬರುತ್ತದೆ. ಎರಡು ಪಟ್ಟು ಮಾಡಿದಾಗ ಆ ಭಾಗ ನಾನೇ ಕತ್ತರಿಸಿದ್ದೆ. ಮಂಜ ಬ್ರೇಕು ಹಿಡಿದು ಒಂದು ಕಾಲು ಊರಿ ಅದು ದಾಟುವವರೆಗೂ ಕಾಯುತ್ತಾನೆ. ಆಮೇಲೆ ಹೊರಟು, ತಿರುವಿಗೆ ಮೊದಲೇ ಹಾರ್ನು ಹೊಡೆದು, ಕಾವಲುಗಲ್ಲಿನಿಂದ ದೂರ, ಒಂದಿಷ್ಟೂ ತಡವರಿಸದೆ ತಿರುಗಿಸುತ್ತಾನೆ. ಸಂಗೀತ ಇಲ್ಲ. ಗಾಳಿಯ ಸದ್ದು, ಇಂಜಿನ್ನಿನ ಗುಡುಗುಡು, ಅದರ ಮೇಲೆ ಒಂದು ಕೀರಲು ದನಿ: "ಇನ್ನೂ ಜೋರಾಗಿ ಬಾರ್ಲಾ! ಥೂ, ಇನ್ನೂ ಜೋರಾಗಿ!"

ನನ್ನದೇ ದನಿ. ನಾನು ಹಾಗೆ ಕೂಗಿದ್ದು ನನಗೇ ಮರೆತುಹೋಗಿತ್ತು.

ಮಂಜ ಮೂರು ಸಲ ನೋಡಿದ. ಮೂರನೆಯ ಸಲ ಅವನ ಕಣ್ಣು ತುಂಬಿತ್ತು. ಹೊಗೆಗೆ ಎನ್ನುವ ಹಾಗೆ ಒರೆಸಿಕೊಂಡ.

"ಎಷ್ಟು ಚೆಂದಾಗಿ ಓಡುಸ್ತಿದ್ದೆ ಅಲ್ವಾ ಅಕ್ಕ ನಾನು," ಎಂದ.

ಫೋನು ತೆಗೆದುಕೊಳ್ಳಲು ಕೈ ಚಾಚಿದೆ.

"ಹೋಗು. ಅಪ್ಪಂಗೆ ತೋರ್ಸು," ಎಂದು ಫೋನನ್ನು ನನ್ನ ಕೈಗೆ ಇಟ್ಟ. "ನಾನು ಹೇಳಿದ್ರೆ ನಂಬಕಿಲ್ಲ. ನೀನೇ ತೋರ್ಸು."

ಅಪ್ಪ ಜಗಲಿಯ ಮೇಲೆ ಊಟ ಮುಗಿಸಿ ಎಲೆಯಡಿಕೆ ಹಾಕುತ್ತಿದ್ದರು. ಬ್ಯಾರನ್ನಿನ ಹೊಗೆ ತಿಂದು ಅವರ ಕಣ್ಣು ಮಂಜಾಗಿದೆ. ಸಣ್ಣದೇನೂ ಸರಿಯಾಗಿ ಕಾಣುವುದಿಲ್ಲ. "ಅಪ್ಪ, ಇದನ್ನ ಒಂಚೂರು ನೋಡಿ," ಎಂದು ಪಕ್ಕದಲ್ಲಿ ಕೂತು ಫೋನು ಹಿಡಿದೆ. ಅವರು ನನ್ನ ಮುಂಗೈ ಹಿಡಿದು, ಗಾಜಿನೊಳಗೆ ಬಿಸಿ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದರು.

"ಯಾರವ್ವ ಇದು? ಕರ ದಾಟೋಗಂಟ ನಿಂತವ್ನಲ್ಲ. ಒಳ್ಳೇ ಕೈ. ಇಂಥೋನು ಒಬ್ಬ ಸಿಕ್ಕಿದ್ರೆ ಟ್ರ್ಯಾಕ್ಟ್ರಿಗೆ ಇಟ್ಕಬೋದು."

ಮಂಜ ಒಲೆ ಬಿಟ್ಟು ಬಂದು ಅಂಗಳದ ತುದಿಯಲ್ಲಿ ನಿಂತಿದ್ದ. ಅಷ್ಟರಲ್ಲಿ ವಿಡಿಯೋದೊಳಗೆ ಆ ಕೀರಲು ದನಿ ಬಂತು, ಇನ್ನೂ ಜೋರಾಗಿ, ಇನ್ನೂ ಜೋರಾಗಿ ಎಂದು. ಅಪ್ಪ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ಅವರ ಕಣ್ಣು ಮಂಜಾಗಿರಬಹುದು, ಕಿವಿ ಚುರುಕಾಗಿದೆ. ನನ್ನ ಮುಂಗೈ ಬಿಡದೆ ಮುಖ ನನ್ನ ಕಡೆ ತಿರುಗಿಸಿದರು.

"ಜೋರಾಗಿ ಬಾ ಅಂತಿರೋದು ನೀನಲ್ವಾ ಸರೋಜಿ?"

"ಹೂಂ," ಎಂದೆ. ಈ ಸಲ ಮುಖ ನೋಡಿ ಹೇಳಿದೆ.